ಕೊಡದೆ ಉಳಿಸಿಕೊಂಡ ಬ್ಯಾಟರಿ

ಆ ನಿರ್ಣಯ ಬರೆದದ್ದು ನನ್ನ ಕೈ. ಕೆ.ಆರ್. ನಗರದ ನನ್ನ ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ತಾಲ್ಲೂಕಿನ ಹದಿನೇಳು ಜನ ಫೋಟೋಗ್ರಾಫರುಗಳು ಇಕ್ಕಟ್ಟಾಗಿ ಕೂತಿದ್ದೆವು. ಪಾಸ್‌ಪೋರ್ಟ್ ಫೋಟೋಕ್ಕೆ ಜನರನ್ನು ಕೂರಿಸುವ ಸ್ಟೂಲಿನ ಮೇಲೆ ನಮ್ಮ ಸಂಘದ ಅಧ್ಯಕ್ಷರು. ಅವರು ಹೇಳಿದರು, ಕಾರ್ಯದರ್ಶಿಯಾದ ನಾನು ಬರೆದುಕೊಂಡೆ. ಸಂಘ ಗೊತ್ತುಮಾಡಿದ ದರಕ್ಕಿಂತ ಕಡಿಮೆಗೆ ಯಾರೂ ಮದುವೆ ಕೆಲಸ ಹಿಡಿಯಬಾರದು. ಹಿಡಿದವನಿಗೆ ನಮ್ಮಲ್ಲಿ ಯಾರಿಂದಲೂ ಸಹಾಯ ಸಿಗಬಾರದು.

"ಸಹಾಯ ಅಂದ್ರೆ ಏನು ಅಂತ ಬಿಡಿಸಿ ಬರೀರಿ. ಇಲ್ಲಾಂದ್ರೆ ನಾಳೆ ಒಬ್ಬೊಬ್ರು ಒಂದೊಂದು ಅರ್ಥ ಹೇಳ್ತಾರೆ," ಎಂದರು ಅಧ್ಯಕ್ಷರು.

ಬಿಡಿಸಿ ಬರೆದೆ. ಫ್ಲ್ಯಾಶ್, ಸೆಲ್ಲು, ಬ್ಯಾಟರಿ, ಮೆಮೊರಿ ಕಾರ್ಡ್, ಸ್ಟ್ಯಾಂಡ್, ಯಾವುದನ್ನೂ ಎಂಥ ಸಂದರ್ಭದಲ್ಲೂ ಕೊಡತಕ್ಕದ್ದಲ್ಲ. ‘ಎಂಥ ಸಂದರ್ಭದಲ್ಲೂ’ ಎಂದು ಯಾರೂ ಹೇಳಿರಲಿಲ್ಲ. ಅದು ನನ್ನ ಸ್ವಂತ ಸೇರ್ಪಡೆ. ಓದಿ ಹೇಳಿದಾಗ ಎಲ್ಲರೂ ತಲೆಯಾಡಿಸಿದರು, ಬೋಂಡ ಬಂತು, ತಿಂದು ಎದ್ದೆವು.

ಆ ದಿನಗಳಲ್ಲಿ ನನಗೆ ಮೈಯೆಲ್ಲ ಉರಿಯುತ್ತಿತ್ತು. ಸಾಲಿಗ್ರಾಮದ ಒಂದು ಮನೆಯಲ್ಲಿ ಮೂರು ಹೆಣ್ಣುಮಕ್ಕಳು. ಮೊದಲ ಇಬ್ಬರ ಮದುವೆಗೆ ನಾನೇ ಹೋಗಿದ್ದೆ. ಮೂರನೆಯವಳದೂ ನನಗೇ ಎಂದು ಆ ದಿನಕ್ಕೆ ಬೇರೆ ಯಾರಿಗೂ ಒಪ್ಪಿಕೊಳ್ಳದೆ ಕೂತಿದ್ದೆ. ಕೊನೆಗೆ ತಡೆಯಲಾರದೆ ಮನೆಗೇ ಹೋದರೆ, ಯಜಮಾನರು ಜಗಲಿಯ ಮೇಲೆ ನಾಲ್ಕು ಜನರ ನಡುವೆ ಕೂತಿದ್ದರು.

"ಗುರುಪುರದ ಕಡೆಯೋನು ಒಬ್ಬ ಅವ್ನೆ ಕಣಪ್ಪ. ನೀನು ಯೋಳೋದ್ರಲ್ಲಿ ಮೂರನೇ ಒಂದು ಭಾಗಕ್ಕೆ ಮಾಡ್ಕೊಡ್ತಾನಂತೆ."

"ಅವನ ಕೆಲಸ ನೋಡಿದ್ದೀರಾ ಯಜಮಾನ್ರೇ?"

"ನೋಡೋದೇನ್ಲಾ ಬಂತು? ಅವುಂದೂ ಕರೀ ಕ್ಯಾಮ್ರಾ, ನಿಂದೂ ಕರೀ ಕ್ಯಾಮ್ರಾ. ನಿನ್ ಕ್ಯಾಮ್ರಾದಲ್ಲಿ ನನ್ ಮಗ್ಳೇನು ಬೆಳ್ಳಗಾಗ್ಬುಡ್ತಾಳಾ?"

ಕೂತವರು ನಕ್ಕರು. ನಾನೂ ನಕ್ಕೆ. ಬೈಕ್ ಹತ್ತಿದ ಮೇಲೆ ಕೆ.ಆರ್. ನಗರ ತಲುಪುವವರೆಗೂ ಹೆಲ್ಮೆಟ್ಟಿನೊಳಗೆ ಬಾಯಿಗೆ ಬಂದಂತೆ ಬೈದೆ.

ಗುರುಪುರದವನು ನನಗೆ ಹೊಸಬನಲ್ಲ. ಹುಣಸೂರು ತಾಲ್ಲೂಕಿನ ಆ ಭಾಗದಲ್ಲಿ ಹೊಗೆಸೊಪ್ಪು ಬೇಯಿಸುವ ಬ್ಯಾರನ್‌ಗಳಿವೆಯಲ್ಲ, ಸೀಸನ್ನಿನಲ್ಲಿ ಅಲ್ಲಿ ಬೆಂಕಿ ಕಾಯುತ್ತಿದ್ದ. ಉಳಿದ ತಿಂಗಳು ಕ್ಯಾಮೆರಾ ನೇತುಹಾಕಿಕೊಂಡು ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಎಂದು ಅಲೆಯುತ್ತಿದ್ದ. ಮೂವತ್ತು ದಾಟಿದವನು, ಎರಡು ಮಕ್ಕಳ ತಂದೆ. ಆ ಕ್ಯಾಮೆರಾವನ್ನು ಅವನಿಗೆ ಮಾರಿದವನೂ ನಾನೇ. ಹೊಸದು ಕೊಂಡಾಗ ನನ್ನ ಹಳೆಯದನ್ನು ಅವನ ಕೈಗೆ ಹಾಕಿ, ಲೆನ್ಸ್ ಕಳಚಿ ಹಾಕುವುದನ್ನು ತೋರಿಸಿ, ಆಗಲೇ ಸುಸ್ತಾಗಿದ್ದ ಒಂದು ಬ್ಯಾಟರಿಯನ್ನು ಜೊತೆಗೆ ಕೊಟ್ಟಿದ್ದೆ. ಆಗ ಅವನು ಒಳ್ಳೆಯ ಗಿರಾಕಿ. ಎರಡು ವರ್ಷದಲ್ಲಿ ನಮ್ಮ ಹೊಟ್ಟೆಯ ಮೇಲೆ ಹೊಡೆಯುವವನಾದ.

ನಮ್ಮ ಕಸುಬಿನಲ್ಲಿ ಎಲ್ಲೂ ಬರೆಯದ ಒಂದು ಪದ್ಧತಿಯಿತ್ತು. ಮುಹೂರ್ತದ ಹೊತ್ತಿನಲ್ಲಿ ಬಂದು ಕೇಳಿದವನಿಗೆ ಇಲ್ಲ ಎನ್ನುವುದಿಲ್ಲ. ಧಾರೆಯನ್ನು ಮತ್ತೊಮ್ಮೆ ಎರೆಸುವಂತಿಲ್ಲ, ತಾಳಿಯನ್ನು ಮತ್ತೊಮ್ಮೆ ಕಟ್ಟಿಸುವಂತಿಲ್ಲ, ಅದಕ್ಕೆ. ಹಿಂದೊಮ್ಮೆ ಪಿರಿಯಾಪಟ್ಟಣದ ಛತ್ರದಲ್ಲಿ ನನ್ನ ಫ್ಲ್ಯಾಶ್ ಸುಟ್ಟುಹೋದಾಗ ಪಕ್ಕದ ಛತ್ರದವನು, ಹೆಸರೂ ಗೊತ್ತಿಲ್ಲದವನು, ತನ್ನದನ್ನು ಕಳಚಿ ಕೊಟ್ಟು ತಾನು ಕಿಟಕಿಯ ಬೆಳಕಿನಲ್ಲಿ ಕೆಲಸ ಮುಗಿಸಿದ್ದ. ನಿರ್ಣಯ ಬರೆಯುವಾಗ ಅವನು ನೆನಪಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ನೆನಪಾದ. ‘ಎಂಥ ಸಂದರ್ಭದಲ್ಲೂ’ ಎಂದು ಸೇರಿಸಿದ್ದು ಆಗಲೇ.

ಅದಾಗಿ ಎರಡು ತಿಂಗಳಿಗೆ ಚುಂಚನಕಟ್ಟೆಯಲ್ಲಿ ಒಂದು ಮದುವೆ. ಕೆ.ಆರ್. ನಗರದ ವ್ಯಾಪಾರಿಯೊಬ್ಬರು ಹರಕೆಯಿದೆಯೆಂದು ಮಗಳ ಮದುವೆಯನ್ನು ಅಲ್ಲೇ ಇಟ್ಟುಕೊಂಡಿದ್ದರು. ದೇವಸ್ಥಾನದ ಛತ್ರದಲ್ಲಿ ಹೊಳೆಯ ಕಡೆಗೆ ತೆರೆದ ಉದ್ದನೆಯ ಹಜಾರ. ಒಳ್ಳೆಯ ಲಗ್ನವಿದ್ದ ದಿನ ಅಲ್ಲಿ ಒಂದೇ ಗೋಡೆಗೆ ಆನಿಸಿ ಎರಡು ಮಂಟಪ ಹಾಕುತ್ತಾರೆ. ಅವತ್ತೂ ಹಾಗೇ ಇತ್ತು. ನಮ್ಮದು ಹೂವಿನ ಮಂಟಪ. ಪಕ್ಕದ್ದು ಬಾಳೆಕಂದು, ಮಾವಿನ ಸೊಪ್ಪು, ಎರಡು ಟ್ಯೂಬ್‌ಲೈಟು.

ನಾನು ಬೆಳಗಿನ ಜಾವವೇ ಹೋಗಿ ಸಿದ್ಧನಾಗಿದ್ದೆ. ಕತ್ತಿನಲ್ಲಿ ಒಂದು ಕ್ಯಾಮೆರಾ, ಭುಜದಲ್ಲಿ ಇನ್ನೊಂದು. ಕಂಬದ ಪಕ್ಕ ಆಳೆತ್ತರದ ಸ್ಟ್ಯಾಂಡಿನ ಮೇಲೆ ವಿಡಿಯೋ ಕ್ಯಾಮೆರಾ. ಅದನ್ನು ಒಮ್ಮೆ ಚಾಲೂ ಮಾಡಿಬಿಟ್ಟರೆ ಯಾರೂ ಮುಟ್ಟುವುದಿಲ್ಲ, ತಾಳಿಯಾಗುವವರೆಗೆ ತನ್ನ ಪಾಡಿಗೆ ಓಡುತ್ತಿರುತ್ತದೆ. ಮಂಟಪ ಪೂರ್ತಿ ಬರಲೆಂದು ಅಗಲಕ್ಕೆ ಇಟ್ಟು ಚಾಲೂ ಮಾಡಿದ್ದೆ. ಅಂಚಿನಲ್ಲಿ ಪಕ್ಕದ ಮಂಟಪವೂ ಬರುತ್ತಿತ್ತು. ಎಡಿಟಿಂಗಿನಲ್ಲಿ ಕತ್ತರಿಸಿದರಾಯಿತು ಎಂದು ಬಿಟ್ಟೆ. ಆ ಹಜಾರದಲ್ಲಿ ಕೆಲಸ ಸುಲಭವಲ್ಲ. ಬೆನ್ನ ಹಿಂದಿನಿಂದ ಹೊಳೆಯ ಬೆಳಕು ಹೊಡೆಯುತ್ತದೆ, ಮುಖಗಳೆಲ್ಲ ಕಪ್ಪಾಗುತ್ತವೆ. ಫ್ಲ್ಯಾಶ್ ಇಲ್ಲದೆ ಗತಿಯಿಲ್ಲ.

ಪಕ್ಕದ ಮದುವೆಗೆ ಬಂದಿದ್ದವನು ಗುರುಪುರದವನು. ಕಂಡೂ ಕಾಣದಂತಿದ್ದೆ. ಮುಹೂರ್ತಕ್ಕೆ ಇನ್ನೂ ಸ್ವಲ್ಪ ಹೊತ್ತಿರುವಾಗ ಅವನೇ ಬಂದ. ನನ್ನ ಹಳೆಯ ಕ್ಯಾಮೆರಾ ಅವನ ಕೈಯಲ್ಲಿತ್ತು, ಬ್ಯಾಟರಿಯ ಬಾಗಿಲು ತೆರೆದೇ ಇತ್ತು.

"ಅಣ್ಣ, ಬ್ಯಾಟ್ರಿ ಸತ್ತೋಯ್ತು. ರಾತ್ರಿಯೆಲ್ಲ ಊರಲ್ಲಿ ಕರೆಂಟಿರ್ಲಿಲ್ಲ. ಇನ್ನೊಂದು ಡೂಪ್ಲಿಕೇಟು, ಉಬ್ಕಂಡು ಒಳೀಕೆ ಓಗ್ತಾನೆ ಇಲ್ಲ. ನಿಮ್ಮತ್ರ ಇದೇ ಬ್ಯಾಟ್ರಿ ಇರ್ತದಲ್ಲ?"

ಇತ್ತು. ನನ್ನ ಹೊಸ ಕ್ಯಾಮೆರಾಕ್ಕೂ ಅದೇ ಬ್ಯಾಟರಿ. ಪೂರ್ತಿ ಚಾರ್ಜಾದವು ಎರಡು, ಸೊಂಟದ ಚೀಲದಲ್ಲಿ ಹಾಗೇ ಇದ್ದವು.

"ಇಲ್ಲ," ಎಂದೆ.

"ಅರ್ಧ ಗಂಟೆ ಸಾಕಣ್ಣ. ತಾಳಿ ಆಗ್ತಿದ್ದಂಗೆ ತಂದ್ಕೊಡ್ತೀನಿ."

"ಸಂಘದ ಕಾಗದ ನಿನಗೂ ಬಂದಿರಬೇಕಲ್ಲ? ನಮ್ಮ ದರ ಒಡೆಯೋನು ನೀನು, ನಿನಗೆ ಬ್ಯಾಟರಿ ಕೊಡೋರು ನಾವಾ?"

ಅವನು ವಾದ ಮಾಡಲಿಲ್ಲ. ತಿರುಗಿ ತನ್ನ ಮಂಟಪದ ಕಡೆ ಕೈ ತೋರಿಸಿದ.

"ನನ್ಗೆ ಕೊಡಬ್ಯಾಡಿ ಬುಡಿ. ಅಲ್ಲಿ ಚೇರ್ ಮ್ಯಾಲೆ ಕೂತವ್ರಲ್ಲ, ಎಣ್ಣಿನ ಅಪ್ಪ. ಮೈಸೂರಾಸ್ಪತ್ರೆಯಿಂದ ಧಾರೆ ಎರೀಲೀ ಅಂತ ಕರ್ಕಂಡು ಬಂದವ್ರೆ. ಮದ್ಯಾನಕ್ಕೆ ವಾಪಸ್ ಕರ್ಕಂಡೋಗ್ಬೇಕಂತೆ."

ನೋಡಿದೆ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಒಬ್ಬರು ಕೂತಿದ್ದರು. ತಲೆಗೆ ಉಲ್ಲನ್ ಟೋಪಿ, ಹೊಸ ಬಿಳಿ ಅಂಗಿ. ಕಾಲರಿನೊಳಗೆ ಕತ್ತು ಅಲ್ಲಾಡುತ್ತಿತ್ತು, ಬೇರೆ ಯಾರದೋ ಅಂಗಿ ತೊಡಿಸಿದಂತೆ. ನನ್ನ ಕೈ ಚೀಲದ ಜಿಪ್ಪಿನ ಮೇಲೆ ಹೋಯಿತು. ಇದು ನಿಜ, ಹೋಯಿತು. ಹೋದ ಕೈ ಅಲ್ಲೇ ನಿಂತಿತು. ನಿರ್ಣಯ ಬರೆದ ಕಾರ್ಯದರ್ಶಿಯೇ ಮೊದಲು ಮುರಿದ ಎಂದು ಆಡಿಕೊಳ್ಳುತ್ತಾರೆ ಎನ್ನಿಸಿತು. ಸಾಲಿಗ್ರಾಮದ ಜಗಲಿಯ ನಗೆ ಕಿವಿಯಲ್ಲಿತ್ತು.

"ಬೇರೆ ಕಡೆ ನೋಡ್ಕೋ," ಎಂದೆ.

ಅವನು ಹೋಗಿ ತನ್ನ ಫೋನನ್ನೇ ಹಿಡಿದುಕೊಂಡು ನಿಂತ. ಕ್ಯಾಮೆರಾ ಇಲ್ಲದ ಫೋಟೋಗ್ರಾಫರನಿಗೆ ಮದುವೆಮನೆಯಲ್ಲಿ ಜಾಗವಿಲ್ಲ. ದೊಡ್ಡ ಕ್ಯಾಮೆರಾ ಹಿಡಿದು, ಫ್ಲ್ಯಾಶ್ ಮಿಂಚಿಸಿ, "ಸ್ವಲ್ಪ ಸರಿಯಮ್ಮ, ಮಾವ ಈ ಕಡೆ ನೋಡಿ" ಎಂದರೆ ಊರ ಗೌಡನೂ ಸರಿದು ನಿಲ್ಲುತ್ತಾನೆ. ಫೋನು ಹಿಡಿದವನು ಹೇಳಿದರೆ ಯಾರು ಕೇಳಬೇಕು, ಎಲ್ಲರ ಕೈಯಲ್ಲೂ ಅದೇ ಇದೆ. ಅವನನ್ನು ನೆಂಟರು ಭುಜದಿಂದ ಹಿಂದಕ್ಕೆ ನೂಕುತ್ತಿದ್ದುದನ್ನು ನಾನು ಇಲ್ಲಿಂದಲೇ ನೋಡಿದೆ. ನೋಡಿ ಸಮಾಧಾನವಾಯಿತು ಎಂದು ಬರೆಯಲು ಈಗ ನಾಚಿಕೆಯಾಗುತ್ತದೆ, ಆದರೆ ಅವತ್ತು ಆದದ್ದು ಅದೇ.

ಆ ಕಡೆಯ ಪುರೋಹಿತರು ಅವಸರ ಮಾಡಿದರು. ಕಾಯಿಲೆಯವರನ್ನು ಹೆಚ್ಚು ಹೊತ್ತು ಕೂರಿಸುವಂತಿರಲಿಲ್ಲ. ನಮ್ಮ ಕಡೆ ಹೆಣ್ಣಿನ ಸೋದರಮಾವ ಇನ್ನೂ ಬಂದಿರಲಿಲ್ಲ, ಅವನು ಬಾರದೆ ಹೆಣ್ಣನ್ನು ಹಸೆಮಣೆಗೆ ತರುವಂತಿರಲಿಲ್ಲ. ಹೀಗಾಗಿ ಪಕ್ಕದಲ್ಲಿ ಧಾರೆ ಶುರುವಾದಾಗ ನಾನು ಕೈಕಟ್ಟಿ ನಿಂತಿದ್ದೆ. ಆಗ ಅವನು ಎರಡನೆಯ ಸಲ ಓಡಿ ಬಂದ.

"ಅಣ್ಣ, ಕೈ ಮುಗೀತೀನಿ. ಬ್ಯಾಟ್ರಿ ಬ್ಯಾಡ. ನೀವೇ ಬಂದು ಒಂದೇ ಒಂದು ಒಡ್ದುಬುಡಿ. ಈಗ ಎರೀತಾವ್ರೆ."

ಕ್ಯಾಮೆರಾ ನನ್ನ ಕತ್ತಿನಲ್ಲೇ ಇತ್ತು. ಆನ್ ಆಗಿತ್ತು. ತಿರುಗಿ ನಾಲ್ಕು ಹೆಜ್ಜೆ ಹೋಗಿದ್ದರೆ ಮುಗಿಯುತ್ತಿತ್ತು. ನಾನು ಎರಡು ಹೆಜ್ಜೆ ಮುಂದೆ ಹೋಗಿ ಅವನಿಗೆ ಅಡ್ಡ ನಿಂತೆ.

"ಒಂದು ಸಲ ಹೇಳಿದ್ರೆ ತಿಳಿಯಲ್ವಾ? ನನ್ನ ಫ್ರೇಮಿನಿಂದ ಆಚೆ ಹೋಗು."

ಅವನು ಇನ್ನೂ ಏನೋ ಹೇಳಿದ. ವಾಲಗದ ಸದ್ದಿನಲ್ಲಿ ಕೇಳಿಸಲಿಲ್ಲ. ನಾನು ತಲೆಯಾಡಿಸುತ್ತ ನಿಂತೇ ಇದ್ದೆ. ಅವನು ಹೋದ. ಅಷ್ಟರಲ್ಲಿ ನಮ್ಮ ಸೋದರಮಾವ ಬಂದ. ನಮ್ಮ ಧಾರೆಯೂ ತಾಳಿಯೂ ಚೆನ್ನಾಗಿ ಬಂದವು.

ಮಧ್ಯಾಹ್ನ ಊಟಕ್ಕೆ ಕೂರುವ ಮೊದಲು ಅಧ್ಯಕ್ಷರಿಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದೆ.

"ಒಳ್ಳೇ ಕೆಲಸ ಮಾಡಿದ್ರಿ. ಬುದ್ಧಿ ಬರ್ಲಿ," ಎಂದರು.

ಅದನ್ನು ಕೇಳಿಸಿಕೊಳ್ಳಲಿಕ್ಕೇ ಫೋನ್ ಮಾಡಿದ್ದೆ.

ಒಂದೂವರೆ ತಿಂಗಳ ಮೇಲೆ ಒಂದು ಬೆಳಗ್ಗೆ ಇಬ್ಬರು ಹೆಂಗಸರು ಸ್ಟುಡಿಯೋಕ್ಕೆ ಬಂದರು. ಚಿಕ್ಕವಳ ಕತ್ತಿನಲ್ಲಿ ಅರಿಶಿನದ ದಾರ ಇನ್ನೂ ಹಳದಿಯಾಗಿತ್ತು. ಜೊತೆಗಿದ್ದ ತಾಯಿಯ ಹಣೆ ಬರಿದಾಗಿತ್ತು. ಆ ಹುಡುಗಿಯನ್ನು ನಾನು ಗುರುತು ಹಿಡಿಯಲಿಲ್ಲ. ಪಕ್ಕದ ಮಂಟಪದ ಹೆಣ್ಣಿನ ಮುಖವನ್ನು ನಾನು ನೋಡಿದ್ದರಲ್ಲವೇ.

"ಚುಂಚನಕಟ್ಟೇಲಿ ನಿಮ್ ಪಕ್ಕದಲ್ಲೇ ನಮ್ ಮದ್ವೆ ಆಗಿದ್ದು ಸಾ," ಎಂದಳು. "ಅಪ್ಪ ತೀರ್ಕಂಡು ಆರು ದಿನ ಆಯ್ತು. ತಿಥಿಗೆ ಒಂದು ಫೋಟೋ ಬೇಕಿತ್ತು."

"ಮನೇಲಿ ಯಾವುದೂ ಇಲ್ವಾ?"

"ಆಧಾರ್ ಕಾರ್ಡಿಂದು ಅದೆ. ಅದ್ರಲ್ಲಿ ನಮ್ಮಪ್ಪ ಯಾರ್ನೋ ಒಡ್ದು ಬಂದೋರಂಗೆ ಕಾಣ್ತರೆ. ನನ್ಗೆ ಧಾರೆ ಎರ್ದಿದ್ದು ಬೇಕು ಸಾ. ಫೋನಲ್ಲಿ ತೆಗ್ದಿರೋವೆಲ್ಲ ಬರೀ ಬೆನ್ನು. ಅಪ್ಪ ಕೂತ್ಕಂಡೇ ಎರುದ್ರಲ್ಲ, ಸುತ್ತ ನಿಂತೋರು ಮುಚ್ಕಂಡವ್ರೆ."

"ನನ್ನ ಹತ್ರ ಇದೆ ಅಂತ ಯಾರು ಹೇಳಿದ್ರು?"

"ನಮ್ ಫೋಟೋದವ್ರೇ. ನಿಮ್ದೊಂದು ಸ್ಟ್ಯಾಂಡು ನಮ್ ಕಡೀಕೂ ಮೊಕ ಮಾಡ್ಕಂಡಿತ್ತಂತೆ. ಅದ್ರಲ್ಲೇನಾರ ಬಿದ್ದಿದ್ರೂ ಬಿದ್ದಿರ್ಬೋದು, ಓಗಿ ಕೇಳಿ ಅಂದ್ರು."

ನಾಳೆ ಬನ್ನಿ ಎಂದು ಕಳಿಸಿದೆ. ಅವರು ರಸ್ತೆ ದಾಟುವುದನ್ನು ನೋಡಿ ಗುರುಪುರದವನಿಗೆ ಫೋನ್ ಮಾಡಿದೆ. ಬೈಯುತ್ತಾನೆ ಎಂದುಕೊಂಡಿದ್ದೆ. ಬೈದಿದ್ದರೆ ಹಗುರಾಗುತ್ತಿತ್ತು.

"ಇಲ್ಲಣ್ಣ, ನನ್ನತ್ರ ಒಂದೂ ಇಲ್ಲ. ಫೋನಲ್ಲಿ ಒಡ್ದಿದ್ದೆಲ್ಲ ಕಪ್ಪಾಗ್ಬುಟ್ಟವೆ. ಆ ಮದ್ವೆಗೆ ನಾನು ಕಾಸೂ ಈಸ್ಕೊಳ್ಳಿಲ್ಲ. ನಿಮ್ ವಿಡಿಯೋ ಅಳಿಸ್ದೆ ಇದ್ರೆ ನೋಡಿ, ಪಾಪ."

"ನೀನು ಈಗ ಯಾವ ಕಡೆ ಮಾಡ್ತಿದ್ದೀಯ?"

"ಕ್ಯಾಮ್ರಾ ಮಾರ್ಬುಟ್ಟೆ. ಬ್ಯಾರನ್ ಕೆಲಸವೇ ಸಾಕು ಬುಡಣ್ಣ."

ಮಧ್ಯಾಹ್ನ ಶಟರ್ ಅರ್ಧ ಎಳೆದು ಕಂಪ್ಯೂಟರಿನ ಮುಂದೆ ಕೂತೆ. ಆಲ್ಬಂ ಕೊಟ್ಟ ಮೇಲೆ ಸ್ಟ್ಯಾಂಡ್ ಕ್ಯಾಮೆರಾದ ಕಚ್ಚಾ ವಿಡಿಯೋವನ್ನು ಅಳಿಸಿ ಹಾರ್ಡ್‌ಡಿಸ್ಕಿನಲ್ಲಿ ಜಾಗ ಮಾಡಿಕೊಳ್ಳುವುದು ವಾಡಿಕೆ. ವ್ಯಾಪಾರಿಗಳ ಆಲ್ಬಂ ಇನ್ನೂ ಲ್ಯಾಬಿನಲ್ಲಿತ್ತು, ಹಾಗಾಗಿ ವಿಡಿಯೋ ಉಳಿದಿತ್ತು. ಚೌಕಟ್ಟಿನ ಎಡ ಅಂಚನ್ನು ದೊಡ್ಡದು ಮಾಡಿ ಓಡಿಸಿದೆ.

ಮೊದಲು ಬರೀ ಬೆನ್ನುಗಳು, ಅವಳು ಹೇಳಿದಂತೆಯೇ. ಆದರೆ ನನ್ನ ಸ್ಟ್ಯಾಂಡ್ ಇದ್ದದ್ದು ಪಕ್ಕದಲ್ಲಿ. ಯಾರೋ ಹಾಲಿನ ಚೊಂಬು ದಾಟಿಸಲು ಬಗ್ಗಿದಾಗ ಸಾಲು ಒಡೆದು ಒಂದು ಸಂದಿಯಾಯಿತು. ಆ ಸಂದಿಯಲ್ಲಿ ಅವರ ಮುಖ ಕಂಡಿತು. ಟೋಪಿ ತೆಗೆದಿದ್ದರು. ಚೊಂಬನ್ನು ಹಿಡಿಯಲು ತೋಳು ಚಾಚಿದರು. ಅಷ್ಟರಲ್ಲಿ ಒಂದು ನೀಲಿ ಬಣ್ಣ ಬಂದು ಅವರ ಕೈಗಳಿಗೆ ಅಡ್ಡ ನಿಂತಿತು.

ನೀಲಿ ಅಂಗಿ ನನ್ನದು. ಬೆನ್ನು, ಭುಜ, ಅಡ್ಡಡ್ಡ ಆಡುತ್ತಿರುವ ತಲೆಯ ಹಿಂಭಾಗ. ನನ್ನ ಎದುರು ಗುರುಪುರದವನ ಮುಗಿದ ಕೈಗಳು.

ಒಂದೊಂದೇ ಫ್ರೇಮು ಸರಿಸಿ ನೋಡಿದೆ. ನಾನು ಬರುವ ಮುಂಚೆ ಅವರ ಕೈಗೆ ಚೊಂಬು ಬಂದಿರಲಿಲ್ಲ. ನಾನು ಸರಿಯುವ ಹೊತ್ತಿಗೆ ಚೊಂಬು ಇನ್ನೊಬ್ಬರ ಕೈಗೆ ಹೋಗಿ, ಅವರು ಕುರ್ಚಿಗೆ ಒರಗಿ ಕಣ್ಣು ಮುಚ್ಚಿದ್ದರು. ಅವರು ಮಗಳ ಕೈಗೆ ಹಾಲೆರೆದ ಅಷ್ಟೂ ಹೊತ್ತು ನಾನು ಅಲ್ಲೇ ಇದ್ದೆ. ಇಡೀ ಹಜಾರದಲ್ಲಿ ನಿಲ್ಲಲು ನನಗೆ ಬೇರೆ ಜಾಗವಿರಲಿಲ್ಲವೇ?

ಅಳಿಸಿಬಿಟ್ಟು, ‘ಏನೂ ಸಿಗಲಿಲ್ಲಮ್ಮ’ ಎಂದರೆ ಮುಗಿಯುತ್ತಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ. ಆ ಫೈಲಿನ ಮೇಲೆ ಮೌಸ್ ಇಟ್ಟುಕೊಂಡು ಎಷ್ಟು ಹೊತ್ತು ಕೂತೆನೋ. ಆಮೇಲೆ ಎದ್ದು ನೀರು ಕುಡಿದು ಬಂದು, ಇದ್ದುದರಲ್ಲಿ ಚೆನ್ನಾಗಿದ್ದ ಒಂದು ಫ್ರೇಮನ್ನು ಫೋಟೋ ಮಾಡಿಕೊಂಡೆ. ಮುಖ ಸ್ಪಷ್ಟವಿತ್ತು. ಬಾಯಿ ಸ್ವಲ್ಪ ತೆರೆದಿತ್ತು, ಕಣ್ಣು ಮಗಳ ಮೇಲಿತ್ತು. ತೋಳು ಮೊಣಕೈವರೆಗೆ ಕಾಣುತ್ತಿತ್ತು. ಆಮೇಲೆ ನನ್ನ ಅಂಗಿ. ಅಂಗಿಯ ಆಚೆ ಬದಿಗೆ ಬಾಸಿಂಗ ಕಟ್ಟಿದ ಹುಡುಗಿ, ಜೋಡಿಸಿದ ಕೈಗಳು, ಅದರ ಮೇಲೆ ಬೀಳುತ್ತಿರುವ ಹಾಲು.

ಅಂಗಿಯನ್ನು ತೆಗೆಯಲು ನೋಡಿದೆ. ಈಗ ಕಂಪ್ಯೂಟರಿಗೆ ಹೇಳಿದರೆ ಮುಚ್ಚಿಹೋದದ್ದನ್ನು ತಾನೇ ಊಹಿಸಿ ತುಂಬಿಕೊಡುತ್ತದೆ. ತುಂಬಿತು. ದುಂಡನೆಯ, ಗಟ್ಟಿಮುಟ್ಟಾದ ಕೈ, ಮಣಿಕಟ್ಟಿನಲ್ಲಿ ವಾಚು. ಕಾಲರಿನೊಳಗೆ ಅಲ್ಲಾಡುತ್ತಿದ್ದ ಆ ಕತ್ತಿಗೆ ಅದು ಯಾರದೋ ಕೈ. ಇನ್ನೊಮ್ಮೆ ಮಾಡಿದೆ, ಇನ್ನೊಬ್ಬರ ಕೈ ಬಂತು. ನಾಲ್ಕು ಸಲ ಮಾಡಿ ನಾಲ್ಕನ್ನೂ ಅಳಿಸಿದೆ. ಮುಖವನ್ನೂ ನುಣುಪು ಮಾಡಲಿಲ್ಲ. ಕಪ್ಪಾಗಿದ್ದ ಕಡೆ ಸ್ವಲ್ಪ ಬೆಳಕು ಏರಿಸಿ, ಬಣ್ಣ ಸರಿಮಾಡಿ, ಇದ್ದುದನ್ನು ಇದ್ದ ಹಾಗೆಯೇ ಪ್ರಿಂಟ್ ಹಾಕಿ ಫ್ರೇಮು ಕಟ್ಟಿಸಿದೆ.

ಮರುದಿನ ಇಬ್ಬರೂ ಬಂದರು. ಫ್ರೇಮನ್ನು ಕೌಂಟರಿನ ಮೇಲೆ ಅವರ ಕಡೆ ತಿರುಗಿಸಿ ಇಟ್ಟೆ. ಹುಡುಗಿ ಕೈಯಿಂದ ಬಾಯಿ ಮುಚ್ಚಿಕೊಂಡಳು.

"ಮಧ್ಯೆ ಇರೋ ನೀಲಿ ಅಂಗಿ ನಂದಮ್ಮ," ಎಂದೆ. ಅಷ್ಟು ಹೇಳಿ ನಿಲ್ಲಿಸಬಹುದಿತ್ತು. "ಅವತ್ತು ನಿಮ್ಮ ಫೋಟೋದವನು ನನ್ನ ಹತ್ರ ಬ್ಯಾಟರಿ ಕೇಳೋಕೆ ಬಂದಿದ್ದ. ನನ್ನ ಹತ್ರ ಇತ್ತು. ನಾನು ಕೊಡಲಿಲ್ಲ."

ಅವಳು ಫೋಟೋದಿಂದ ಕಣ್ಣು ತೆಗೆಯಲಿಲ್ಲ.

"ಗೊತ್ತು ಸಾ."

"ಅವನು ಹೇಳಿದ್ನಾ?"

"ಅವ್ರೇನೂ ಯೋಳ್ಲಿಲ್ಲ. ನಾನು ಹಸೆ ಮ್ಯಾಲೆ ಕೂತ್ಕಂಡೇ ನೋಡ್ತಿದ್ದೆ. ಎರಡು ಸಲ ಬಂದ್ರು ನಿಮ್ಮತ್ರ. ಎರಡು ಸಲವೂ ಬರೀ ಕೈಲಿ ವಾಪಸ್ ಬಂದ್ರು. ಅಪ್ಪನೂ ನೋಡುದ್ರು. ‘ಬುಡವ್ವ, ಅವ್ರವ್ರ ಕಷ್ಟ ಅವ್ರಿಗೆ’ ಅಂದ್ರು."

ಗೊತ್ತಿದ್ದೂ ನನ್ನ ಬಾಗಿಲಿಗೇ ಯಾಕೆ ಬಂದಿರಿ ಎಂದು ಕೇಳುವ ಮುಖ ನನಗಿರಲಿಲ್ಲ. ಅವಳಿಗೆ ಬೇರೆ ಬಾಗಿಲಿರಲಿಲ್ಲ, ಅಷ್ಟೇ. ಎಷ್ಟು ಕೊಡಬೇಕು ಎಂದಳು, ಬೇಡ ಎಂದೆ. ಅವಳು ಕೇಳಲಿಲ್ಲ. ಪರ್ಸಿನಿಂದ ನೋಟು ತೆಗೆದು ಕೌಂಟರಿನ ಮೇಲಿಟ್ಟಳು.

ತಾಯಿ ಕೌಂಟರಿನ ಹತ್ತಿರ ಬಂದರು. ಸೆರಗಿನ ಅಂಚಿನಿಂದ ಗಾಜು ಒರೆಸಿ ಫ್ರೇಮನ್ನು ಹತ್ತಿರಕ್ಕೆ ಎಳೆದುಕೊಂಡರು. ಗಂಡನ ಮುಖದ ಮೇಲೆ ಬೆರಳಿಟ್ಟರು. ಬೆರಳು ಕೆನ್ನೆಯಿಂದ ಕತ್ತಿಗೆ, ಕತ್ತಿನಿಂದ ಭುಜಕ್ಕೆ, ಭುಜದಿಂದ ತೋಳಿನ ಮೇಲೆ ನಿಧಾನಕ್ಕೆ ಇಳಿಯುತ್ತ ಬಂದು ಮೊಣಕೈಯ ಹತ್ತಿರ, ನನ್ನ ಅಂಗಿ ಶುರುವಾಗುವಲ್ಲಿ, ನಿಂತಿತು.